ವಿಶ್ಲೇಷಣೆ: ಕಬ್ಬಿನ ಫಡದಾಗಿನ ಕೂಸು ಯಾರ ಲೆಕ್ಕಕ್ಕೆ?

ಚಿಕ್ಕೋಡಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗೆಲ್ಲ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಎಷ್ಟನೇ ಸ್ಥಾನ ಅನ್ನೋ ಚರ್ಚೆ ಚಹಾದ ಅಂಗಡಿವರೆಗೂ ನಡೆಯುತ್ತದೆ. ಆದರೆ ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷದಲ್ಲಿ. ಆ ಬುನಾದಿ ಬಗ್ಗೆ ಮಾತೇ ಇಲ್ಲ.

ಬಡ ದೇಶಗಳ ಮಕ್ಕಳ ಬೆಳವಣಿಗೆ ಕುಂಠಿತವಾಗಲು 2007ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಲೇಖನಗಳು ನಾಲ್ಕು ಮುಖ್ಯ ಕಾರಣ ಹೇಳಿದ್ದವು: ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿರುವುದು, ಕಬ್ಬಿಣಾಂಶದ ಕೊರತೆ, ಅಯೋಡಿನ್ ಕೊರತೆ, ಮಗುವಿನ ಜೊತೆ ಮಾತು-ಆಟ ಇಲ್ಲದಿರುವುದು. ನಮ್ಮಲ್ಲೂ ಇವು ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ಕುಳ್ಳಗಾಗಿದ್ದಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ.

ನಾಲ್ಕನೇ ಕಾರಣ ಈ ಭಾಗದಲ್ಲಿ ಕಣ್ಣಿಗೇ ಕಾಣುತ್ತದೆ. ರಾಯಬಾಗ, ಅಥಣಿ, ಕಾಗವಾಡ ಕಡೆ ಹಂಗಾಮು ಶುರುವಾದರೆ ಕಬ್ಬಿನ ಗ್ಯಾಂಗ್ ಬರುತ್ತವೆ. ಗಂಡ-ಹೆಂಡತಿ ನಸುಕಿನಲ್ಲೇ ಫಡಕ್ಕಿಳಿಯುತ್ತಾರೆ. ಕೂಸು ರವದಿ ಮೇಲೆ, ಕಾಯೋಕೆ ಆರೇಳು ವರ್ಷದ ಅಕ್ಕ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿ ಮನೆಯಲ್ಲೇ ಇರುತ್ತಾಳೆ ಖರೆ, ಆದರೆ ಕೈ-ಕಣ್ಣು ಎರಡೂ ಬೀಡಿ ಲೆಕ್ಕದ ಮೇಲೆ. ತಂಬಾಕಿನ ಧೂಳು ಕೂಸಿನ ಸುತ್ತಲೇ.

ಅಂಗನವಾಡಿಯಲ್ಲಿ ದಿನವೂ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರ ಸಾಮಗ್ರಿ ಮನೆಗೆ ಕೊಡುತ್ತಾರೆ. ಹಗಲು ನೋಡಿಕೊಳ್ಳುವವರು ಯಾರು? ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಮುಖ್ಯವಾಗಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರನ್ನು ನೋಡಿ ಮಾಡಿದ್ದು. ಕಬ್ಬು ಕಡಿಯುವವರ ಕೂಸುಗಳಿಗೂ ಅದು ಸಿಗಬೇಕು.

ವಲಸೆ ಮಗುವಿನ ಹೆಸರನ್ನು ಬಂದ ಊರಿನ ಅಂಗನವಾಡಿಗೆ ವರ್ಗಾಯಿಸಲು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅವಕಾಶ ಇದೆ. ಆದರೆ ಗ್ಯಾಂಗ್ ಬಂದದ್ದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಾಗಬೇಕಲ್ಲ! ಯಾವ ಫಡದಲ್ಲಿ ಯಾವ ಗ್ಯಾಂಗ್ ಎಂಬುದು ಕಾರ್ಖಾನೆಗೂ ಮುಕಾದಮನಿಗೂ ಗೊತ್ತಿರುತ್ತದೆ. ಆ ಪಟ್ಟಿಗೆ ಮಕ್ಕಳ ಸಂಖ್ಯೆ ಸೇರಿಸಿ ಪಂಚಾಯಿತಿಗೂ ಸಿಡಿಪಿಒ ಕಚೇರಿಗೂ ಕೊಟ್ಟರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಹಂಗಾಮಿನ ನಾಲ್ಕೈದು ತಿಂಗಳಾದರೂ ಕೂಸಿನ ಮನೆ ಬಾಗಿಲು ಇವರಿಗೂ ತೆರೆಯುವುದು.

ಅಂಗಡಿಕಾರರ ಪಾಲೂ ಇದೆ. ಊಟದ ಜೊತೆ ಚಹಾ ಕುಡಿಸಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಐದು ರೂಪಾಯಿ ಕುರುಕಲು ಪಾಕೀಟಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೊಟ್ಟೆ, ಬಾಳೆಹಣ್ಣು, ಅಯೋಡಿನ್ ಉಪ್ಪು ಮುಂದಿಟ್ಟು ಮಾರಿದರೆ ವ್ಯಾಪಾರವೂ ಆಗುತ್ತದೆ, ಕೂಸಿಗೂ ಒಳ್ಳೆಯದು.

ಕಾರ್ಖಾನೆ ಕಬ್ಬಿನ ತೂಕಕ್ಕೆ ಪಕ್ಕಾ ಲೆಕ್ಕ ಇಡುತ್ತದೆ. ಫಡದಾಗಿನ ಕೂಸಿನ ತೂಕ ನೋಡುವವರೂ ಬೇಕು.