ತಿಂಗಳ ಮಾತು: ಗೋಡೆ ಕೆಡವದೆ ಒಳಗೆ ಹೋಗುವ ಬಗೆ



ಮನೆ ಗಡಿಯ ಆಚೆಗೆ, ಅನ್ನ ಗಡಿಯ ಈಚೆಗೆ. ನಮ್ಮಲ್ಲಿ ಅನೇಕರ ಬಾಳು ನಡೆಯುವುದು ಹೀಗೆಯೇ. ಹಬ್ಬಕ್ಕೆಂದು ಊರಿಗೆ ಹೋಗಿ ನಾಲ್ಕು ದಿನ ಕಳೆದು ಮರಳುವ ಈ ಓಡಾಟವು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಮಾಜಾಳಿಯ ತನಿಖಾ ಠಾಣೆಯನ್ನು ದಾಟುವಾಗ ರಾಜ್ಯ ಬದಲಾಯಿತೆಂಬ ಎಚ್ಚರವೂ ಇರುವುದಿಲ್ಲ. ಆ ಎಚ್ಚರವನ್ನು ನಮಗೆ ಕೊಟ್ಟದ್ದು 2020ರ ಯುಗಾದಿ.

ವೆರ್ಣಾದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುವ ಅಂಕೋಲೆಯ ಯುವಕನೊಬ್ಬನು ನಮ್ಮ ಮನೆಗೆ ಬಂದು ಹೋಗುವವನು. ಆ ವರ್ಷ ಮಾರ್ಚ್ 21ರ ಶನಿವಾರ ಅವನು ಹಬ್ಬಕ್ಕೆಂದು ಊರಿಗೆ ಹೊರಟನು. ಮರುದಿನ ಜನತಾ ಕರ್ಫ್ಯೂ ಬಂದಿತು, ರೈಲುಗಳು ನಿಂತವು, ಯುಗಾದಿಯ ದಿನವಾದ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೇವು ಬೆಲ್ಲ ತಿಂದ ಯುವಕನು ಅಂಕೋಲೆಯಲ್ಲಿ ಉಳಿದನು. ಅವನು ಬರೆಯಬೇಕಾದ ಲೆಕ್ಕವು ನೂರು ಕಿಲೋಮೀಟರಿಗೆ ತುಸು ಮೇಲ್ಪಟ್ಟ ದೂರದಲ್ಲಿ, ವೆರ್ಣಾದ ಕಚೇರಿಯ ಒಂದು ಕಂಪ್ಯೂಟರಿನೊಳಗೆ ಉಳಿಯಿತು.

ಆ ಲೆಕ್ಕವು ಸಾಮಾನ್ಯವಾದುದಲ್ಲ. ಹಾವೇರಿ, ಗದಗ, ವಿಜಯಪುರಗಳ ಕಡೆಯಿಂದ ಬಂದು ಬಾಡಿಗೆಯ ಕೋಣೆಗಳಲ್ಲಿರುವ ನಮ್ಮ ಜನರ ಮಾರ್ಚ್ ತಿಂಗಳ ಸಂಬಳವದು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ, ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಯು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಸಂಬಳ ಕೊಡತಕ್ಕದ್ದು. ಕಾಯ್ದೆಯ ಮಾತು ಹಾಗಿರಲಿ. ಊರಿಗೆ ಹೋಗಲಾರದೆ, ಕೆಲಸವಿಲ್ಲದೆ ಕೋಣೆಯಲ್ಲಿ ಕುಳಿತವನಿಗೆ ಆ ಹಣವೊಂದೇ ಅಕ್ಕಿಬೇಳೆಯ ದಾರಿಯಾಗಿದ್ದಿತು. ಹೆಚ್ಚುವರಿ ದುಡಿಮೆ, ಮುಂಗಡ, ರಜೆಗಳ ಕೂಡುಕಳೆಯನ್ನು ಬಲ್ಲವನು ಈ ಯುವಕನೊಬ್ಬನೇ.

ಇಲ್ಲಿ ಕೆಲವು ಶಬ್ದಗಳನ್ನು ಬಿಡಿಸಿ ಹೇಳುವುದು ಅಗತ್ಯ. ಲೆಕ್ಕಪತ್ರಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿ, ಕೇಳಿದುದನ್ನು ಕೇಳಿದಾಗ ತೆಗೆದುಕೊಡುವ ಕಂಪ್ಯೂಟರಿನ ಉಗ್ರಾಣವೇ ಡೇಟಾಬೇಸ್. ಒಂದೊಂದು ಕಂಪ್ಯೂಟರಿಗೂ ಅನೇಕ ಬಾಗಿಲುಗಳುಂಟು. ಅವುಗಳಿಗೆ ಪೋರ್ಟ್ ಎಂದು ಹೆಸರು, ಒಂದೊಂದಕ್ಕೂ ಒಂದು ಸಂಖ್ಯೆ. ಈ ಕಾರ್ಖಾನೆಯಲ್ಲಿದ್ದ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ ರೂಢಿಯ ಬಾಗಿಲು 3306. ಹೊರಗಿನವರು ಯಾವ ಬಾಗಿಲನ್ನು ತಟ್ಟಬಹುದು, ಯಾವುದನ್ನು ತಟ್ಟಬಾರದು ಎಂದು ನಿರ್ಣಯಿಸುವ ಕಾವಲುಗೋಡೆಗೆ ಫೈರ್‌ವಾಲ್ ಎಂದು ಹೆಸರು.

ಯುವಕನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನೆಯ ಲ್ಯಾಪ್‌ಟಾಪಿನಿಂದ ನೇರವಾಗಿ ಕಚೇರಿಯ 3306ನೆಯ ಬಾಗಿಲನ್ನು ತಟ್ಟಿದನು. ಅರ್ಧ ನಿಮಿಷ ಕಾದ ಮೇಲೆ, ಉತ್ತರ ಬಾರದೆ ಅವಧಿ ಮೀರಿತೆಂಬ ಬರಹ ಮೂಡಿತು. ಮತ್ತೆ ಮತ್ತೆ ತಟ್ಟಿದರೂ ಅದೇ ಬರಹ. ಕೊನೆಗೆ ಅವನು ಕಾರ್ಖಾನೆಯ ಕಂಪ್ಯೂಟರುಗಳ ಉಸ್ತುವಾರಿ ನೋಡುವ, ವೆರ್ಣಾದಲ್ಲಿಯೇ ಮನೆ ಮಾಡಿಕೊಂಡಿರುವ ಹುಬ್ಬಳ್ಳಿಯ ಹಿರಿಯರಿಗೆ ಫೋನು ಮಾಡಿದನು.

"ಸರ್, ಏನು ಮಾಡಿದ್ರೂ ಬರ್ತಾ ಇಲ್ಲ."

"ಬರ್ತಾ ಇಲ್ಲ ಅನ್ನೂದು ಸುದ್ದಿ ಅಲ್ಲ ತಮ್ಮಾ. ಅದು ಏನಂತು, ಒಂದಕ್ಷರ ಬಿಡದಂಗ ಓದು."

ಮುಂದಿನದೆಲ್ಲವೂ ಈ ಒಂದು ಮಾತಿನಿಂದ ಬೆಳೆಯಿತು. ಉತ್ತರವೇ ಬಾರದೆ ಅವಧಿ ಮೀರಿದರೆ, ಸಾಮಾನ್ಯವಾಗಿ ದಾರಿಯಲ್ಲಿರುವ ಫೈರ್‌ವಾಲು ಮಾತಿಲ್ಲದೆ ನಮ್ಮ ಸಂದೇಶವನ್ನು ಕೆಳಗೆ ಹಾಕಿದೆಯೆಂದು ಅರ್ಥ. ನಿರಾಕರಣೆಯು ಕೂಡಲೇ ಬಂದರೆ, ನಾವು ಒಂದು ಕಂಪ್ಯೂಟರನ್ನು ತಲಪಿದ್ದೇವೆ, ಆದರೆ ಆ ಬಾಗಿಲಿನ ಹಿಂದೆ ಓಗೊಡುವವರಿಲ್ಲ ಎಂದು ಅರ್ಥ. ಎರಡೂ ಸೋಲೇ, ಆದರೆ ಒಂದು ಬೀದಿಯ ಸೋಲು, ಇನ್ನೊಂದು ಹೊಸ್ತಿಲಿನ ಸೋಲು. ಯುವಕನನ್ನು ತಡೆದುದು ಕಾವಲುಗೋಡೆ, ಅದು ತನ್ನ ಕರ್ತವ್ಯವನ್ನೇ ಮಾಡಿತ್ತು.

ಆಗ ಕಚೇರಿಯ ಕಡೆಯಿಂದ ಒಂದು ಸೂಚನೆ ಬಂದಿತು: ನಾಲ್ಕು ದಿನದ ಮಟ್ಟಿಗೆ 3306ನ್ನು ಲೋಕಕ್ಕೆಲ್ಲ ತೆರೆದಿಟ್ಟರೆ ಆಗದೇ? ಹಿರಿಯರು ಒಪ್ಪಲಿಲ್ಲ. ನಾಲ್ಕು ದಿನ ದೊಡ್ಡದು, ನಾಲ್ಕು ಗಂಟೆಯೂ ಸಾಕು ಎಂದರು. 2017ರ ಜನವರಿಯಲ್ಲಿ, ಗುಪ್ತಪದವೂ ಇಲ್ಲದೆ ಲೋಕಕ್ಕೆ ತೆರೆದುಕೊಂಡಿದ್ದ ಮೊಂಗೊಡಿಬಿ ಎಂಬ ಡೇಟಾಬೇಸುಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಅಳಿಸಿ, ಹಣ ಕೊಟ್ಟರೆ ಹಿಂತಿರುಗಿಸುವೆವೆಂದು ಓಲೆ ಬರೆದಿಟ್ಟು ಹೋದ ಕಳ್ಳರ ಕಥೆಯನ್ನು ಅವರು ಬಲ್ಲರು. ಅಂತಹ ಕಳ್ಳರು ಕುಳಿತು ಹುಡುಕುವುದಿಲ್ಲ. ಅವರ ಯಂತ್ರಗಳು ಹಗಲಿರುಳೂ ಲೋಕದ ಬಾಗಿಲುಗಳನ್ನೆಲ್ಲ ತಟ್ಟುತ್ತಿರುತ್ತವೆ. ಸಂಬಳದ ಉಗ್ರಾಣದಲ್ಲಿ ಹಣದ ಅಂಕಿಗಳಷ್ಟೇ ಅಲ್ಲ, ನೂರಾರು ಬಡವರ ಬ್ಯಾಂಕು ಖಾತೆಗಳ ವಿವರವೂ ಇರುತ್ತದೆಂಬುದನ್ನು ನಾವು ಮರೆಯಬಾರದು.

ಗೋಡೆಯನ್ನು ಕೆಡವದೆ ಒಳಗೆ ಹೋಗುವ ದಾರಿಯೊಂದಿತ್ತು. ಕಾರ್ಖಾನೆಯ ಹೆಬ್ಬಾಗಿಲಿನಂತಿದ್ದ ಬೇರೊಂದು ಕಂಪ್ಯೂಟರಿಗೆ ಹೊರಗಿನಿಂದ 22ನೆಯ ಬಾಗಿಲೊಂದು ತೆರೆದಿದ್ದಿತು. ಅಲ್ಲಿ ಓಗೊಡುವುದು ಎಸ್‌ಎಸ್‌ಎಚ್ ಎಂಬ ವ್ಯವಸ್ಥೆ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳನ್ನು ಕದ್ದು ಓದಿದ ಪ್ರಕರಣವೊಂದು ನಡೆದ ಮೇಲೆ, ಅಲ್ಲಿನ ತಾತು ಇಲೋನೆನ್ ಎಂಬುವರು 1995ರಲ್ಲಿ ಇದನ್ನು ರಚಿಸಿದರು. ಇದರೊಳಗೆ ಸಾಗುವ ಮಾತೆಲ್ಲವೂ ಗೂಢಲಿಪಿಯಲ್ಲಿ ಸಾಗುತ್ತದೆ. ನಡುವೆ ನಿಂತು ಕೇಳಿದವನಿಗೆ ಏನೂ ತಿಳಿಯದು. ಇದೇ ದಾರಿಯೊಳಗೆ ಬೇರೊಂದು ಸಂಪರ್ಕವನ್ನು ತೂರಿಸುವುದಕ್ಕೆ ಸುರಂಗವೆಂದು ಹೆಸರು. ಕಾರವಾರದಿಂದ ಮಡಗಾಂವಿಗೆ ರೈಲಿನಲ್ಲಿ ಬರುವವರಿಗೆ ಬಾರ್ಸೆಂ ಸುರಂಗದ ಪರಿಚಯವಿದೆ. ಮೂರು ಕಿಲೋಮೀಟರಿಗೂ ಮಿಕ್ಕಿದ ಆ ಸುರಂಗದಲ್ಲಿ ರೈಲು ಸಾಗುವಾಗ ಗುಡ್ಡದ ಮೇಲಿನವನಿಗೆ ಏನೂ ಕಾಣದು. ಗುಡ್ಡವೂ ಕುಸಿಯದು, ರೈಲೂ ನಿಲ್ಲದು. ಇದೂ ಹಾಗೆಯೇ.

ಮೊದಲ ಕೆಲಸ ಕೀಲಿಕೈಯದು. ಎಸ್‌ಎಸ್‌ಎಚ್‌ನ ಕೀಲಿಯು ಜೋಡಿಯಾಗಿ ಹುಟ್ಟುತ್ತದೆ: ಒಂದು ಬೀಗದಂತೆ, ಇನ್ನೊಂದು ಕೀಲಿಕೈಯಂತೆ. "ಬೀಗ ನನಗ ಕಳಿಸು. ಕೀಲಿಕೈ ನನಗೂ ಕಳಿಸಬ್ಯಾಡ, ಯಾರಿಗೂ ಕಳಿಸಬ್ಯಾಡ" ಎಂದರು ಹಿರಿಯರು. ಬೀಗವನ್ನು ಅವರು ಹೆಬ್ಬಾಗಿಲಿನ ಕಂಪ್ಯೂಟರಿಗೆ ಹಾಕಿದರು. ಯುವಕನು ಮೊದಲ ಸಲ ತಟ್ಟಿದಾಗ, ಆ ಕಂಪ್ಯೂಟರು ತನ್ನ ಗುರುತಿನ ಉದ್ದವಾದ ಅಕ್ಷರಮಾಲೆಯನ್ನು ತೋರಿಸಿ, ಇದನ್ನು ನಂಬುವೆಯಾ ಎಂದು ಕೇಳಿತು. ಬಹುಮಂದಿ ಓದದೆ ಹೌದೆನ್ನುವ ಸ್ಥಳವಿದು. ಇವರಿಬ್ಬರೂ ಫೋನಿನಲ್ಲಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ತಾಳೆಯಾದ ಮೇಲೆಯೇ ಯುವಕನು ಹೌದೆಂದನು.

ಸುರಂಗದ ಈಚೆಯ ಬಾಯನ್ನು ಅವನು ತನ್ನ ಲ್ಯಾಪ್‌ಟಾಪಿನ 3307ನೆಯ ಬಾಗಿಲಿನಲ್ಲಿ ಇರಿಸಿದನು; ಅಲ್ಲಿಯ 3306ರಲ್ಲಿ ಅವನದೇ ಅಭ್ಯಾಸದ ಡೇಟಾಬೇಸೊಂದು ಕುಳಿತಿತ್ತು. ಆಚೆಯ ಬಾಯಿ ಎಲ್ಲಿ ತೆರೆಯಬೇಕೆಂಬ ಪ್ರಶ್ನೆಗೆ "ಲೋಕಲ್‌ಹೋಸ್ಟ್, 3306" ಎಂದು ಬರೆದನು. ಲೋಕಲ್‌ಹೋಸ್ಟ್ ಎಂದರೆ "ಇಲ್ಲಿಯೇ, ಇದೇ ಕಂಪ್ಯೂಟರಿನಲ್ಲಿ" ಎಂದರ್ಥ. ಸುರಂಗ ತೆರೆಯಿತು, ಆದರೆ ಸಂಬಳದ ಪ್ರೋಗ್ರಾಮು ಸಂಪರ್ಕ ಕಡಿದುಹೋಯಿತೆಂದು ಮಾತ್ರ ಹೇಳಿತು. ಸುರಂಗದ ಕಿಟಕಿಯಲ್ಲಿ ಮೂಡಿದ್ದ ಸಾಲನ್ನು ಹಿರಿಯರು ಓದಿಸಿದರು. ಅಲ್ಲಿ ನಿರಾಕರಣೆಯೆಂದಿತ್ತು. ಸೋಲು ಬೀದಿಯಿಂದ ಹೊಸ್ತಿಲಿಗೆ ಬಂದಿತ್ತು!

"'ಇಲ್ಲೇ' ಅಂತ ಬರದೀಯಲ್ಲ, ಅದನ್ನ ಹೇಳಾಂವ ಯಾವ ಊರಾಗ ನಿಂತಾನ ತಮ್ಮಾ?"

ಆಚೆಯ ಬಾಯಿಯ ವಿಳಾಸವನ್ನು ಓದಿಕೊಳ್ಳುವುದು ನಮ್ಮ ಲ್ಯಾಪ್‌ಟಾಪಲ್ಲ, ಸುರಂಗದ ಆ ತುದಿಯಲ್ಲಿರುವ ಕಂಪ್ಯೂಟರು. ಅದರ ಪಾಲಿಗೆ "ಇಲ್ಲಿಯೇ" ಎಂದರೆ ಹೆಬ್ಬಾಗಿಲಿನ ಕಂಪ್ಯೂಟರೇ; ಅದರಲ್ಲಿ ಡೇಟಾಬೇಸ್ ಇರಲಿಲ್ಲ. ಅದು ಇದ್ದುದು ಒಳಕೋಣೆಯ ಬೇರೊಂದು ಕಂಪ್ಯೂಟರಿನಲ್ಲಿ. ಆ ಒಳಕೋಣೆಯ ವಿಳಾಸವನ್ನು ಬರೆದೊಡನೆ ನಿರಾಕರಣೆ ಮಾಯವಾಯಿತು. ಗಡಿಯ ಎರಡೂ ಕಡೆ ಬಾಳುವ ನಮಗೆ ಈ ತಪ್ಪು ಅಪರಿಚಿತವಲ್ಲ. "ಇಲ್ಲಿ" ಎಂದು ಪತ್ರ ಬರೆದವರು ಅಂಕೋಲೆಯಲ್ಲಿರುತ್ತಾರೆ, ಓದುವವರು ವೆರ್ಣಾದಲ್ಲಿರುತ್ತಾರೆ.

ಇನ್ನೂ ಒಂದು ತಡೆ ಉಳಿದಿತ್ತು. ಈಗ ಉತ್ತರ ಕೊಟ್ಟದ್ದು ಡೇಟಾಬೇಸೇ: ಹೆಬ್ಬಾಗಿಲಿನ ಕಂಪ್ಯೂಟರಿನ ವಿಳಾಸವನ್ನು ಹೆಸರಿಸಿ, ಅಲ್ಲಿಂದ ಬಂದವರಿಗೆ ಪ್ರವೇಶವಿಲ್ಲವೆಂದಿತು. ಯುವಕನು ಹತಾಶನಾದನು, ಹಿರಿಯರು ಹಿಗ್ಗಿದರು. ಉಗ್ರಾಣದವನೇ ಬಾಗಿಲಿಗೆ ಬಂದು "ನೀನು ಯಾರು?" ಎಂದು ಕೇಳಿದನೆಂದರೆ ದಾರಿ ಪೂರ್ತಿ ಸರಿಯಾಗಿದೆಯೆಂದೇ ಅರ್ಥ. ಮೈಎಸ್‌ಕ್ಯುಎಲ್ ಒಬ್ಬನನ್ನು ಹೆಸರಿನಿಂದ ಮಾತ್ರ ಗುರುತಿಸುವುದಿಲ್ಲ; ಅವನು ಎಲ್ಲಿಂದ ಬಂದನೆಂಬುದನ್ನೂ ನೋಡುತ್ತದೆ. ಯುವಕನ ಹೆಸರು ಅವನ ಕಚೇರಿಯ ಮೇಜಿನ ಕಂಪ್ಯೂಟರಿಗೆ ಕಟ್ಟುಬಿದ್ದಿತ್ತು. ಹಿರಿಯರು ಹೆಬ್ಬಾಗಿಲಿನಿಂದ ಬರುವ ಅವನಿಗಾಗಿ ಪ್ರತ್ಯೇಕ ಪರವಾನಗಿಯನ್ನು, ಅದೂ ಸಂಬಳದ ಕೋಷ್ಟಕಗಳಿಗೆ ಮಾತ್ರ, ಬರೆದುಕೊಟ್ಟರು.

ಲೆಕ್ಕ ತೆರೆಯಿತು. ಆದರೆ ಯುವಕನು ಊಟಕ್ಕೆದ್ದು ಬಂದಾಗಲೆಲ್ಲ ಸುರಂಗ ಮೌನವಾಗಿರುತ್ತಿತ್ತು. ಬಹುಹೊತ್ತು ಮಾತಿಲ್ಲದ ಸಂಪರ್ಕವನ್ನು ನಡುವಿನ ಉಪಕರಣಗಳು ಮರೆತುಬಿಡುತ್ತವೆ. ನಿಮಿಷಕ್ಕೊಮ್ಮೆ "ಇದ್ದೇನೆ" ಎಂದು ತಾನಾಗಿಯೇ ಹೇಳುವಂತೆ ಎಸ್‌ಎಸ್‌ಎಚ್‌ಗೆ ಒಂದು ಸಾಲು ಬರೆದಿಟ್ಟ ಮೇಲೆ ಆ ಕಾಟವೂ ತಪ್ಪಿತು.

ಏಪ್ರಿಲ್ 5ರ ಭಾನುವಾರ ರಾತ್ರಿ 9 ಗಂಟೆಗೆ ದೇಶದ ಜನ ವಿದ್ಯುದ್ದೀಪಗಳನ್ನು ಆರಿಸಿ ಹಣತೆ ಹಚ್ಚಿದ ಒಂಬತ್ತು ನಿಮಿಷಗಳು ನಮ್ಮ ಓದುಗರಿಗೆ ನೆನಪಿರಬಹುದು. ಅಂಕೋಲೆಯ ಆ ಮನೆಯ ಜಗುಲಿಯಲ್ಲಿ ತಾಯಿ ಹಣತೆ ಹಿಡಿದು ನಿಂತಿದ್ದಾಗ, ಒಳಕೋಣೆಯಲ್ಲಿ ಒಂದು ಪರದೆ ಮಾತ್ರ ಬೆಳಗುತ್ತಿತ್ತು. ಆ ರಾತ್ರಿ ಪಟ್ಟಿ ಮುಗಿಯಿತು. 7ರ ಮಂಗಳವಾರ ಸಂಬಳ ಖಾತೆಗಳಿಗೆ ಸೇರಿತು. ಯುವಕನು ವೆರ್ಣಾಕ್ಕೆ ಮರಳಿದ ದಿನ ಹಿರಿಯರು ಮಾಡಿದ ಮೊದಲ ಕೆಲಸ ಆ ಪ್ರತ್ಯೇಕ ಪರವಾನಗಿಯನ್ನು ಅಳಿಸಿದುದು. ಅದರಿಂದ ಅವನಿಗೆ ತುಸು ನೋವಾಯಿತೆಂದು ನಮ್ಮೊಡನೆ ಹೇಳಿಕೊಂಡದ್ದುಂಟು. ಆದರೆ ಯಾತ್ರೆ ಮುಗಿದ ಮೇಲೆ ತೆರೆದಿಟ್ಟ ಬಾಗಿಲು ಯಾತ್ರಿಕನಿಗಾಗಿ ಉಳಿಯುವುದಿಲ್ಲ, ಕಳ್ಳನಿಗಾಗಿ ಉಳಿಯುತ್ತದೆ ಎಂಬುದನ್ನು ಈಗ ಅವನೇ ಹೊಸ ಹುಡುಗರಿಗೆ ಹೇಳುತ್ತಾನೆ.

ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಇಂದು ನಮ್ಮ ಮನೆಗಳ ಮಕ್ಕಳು ಅನೇಕರು ಊರಿನ ಮನೆಯಲ್ಲಿ ಕುಳಿತು ದೂರದ ಕಚೇರಿಗಳ ಲೆಕ್ಕ ಬರೆಯುತ್ತಾರೆ. ಅವರು ತಲೆಗೆ ಕೈಯಿಟ್ಟು "ಬರ್ತಾ ಇಲ್ಲ" ಎಂದಾಗ ಹಿರಿಯರಾದ ನಾವು ಕಂಪ್ಯೂಟರು ಬಲ್ಲವರಾಗಬೇಕಾಗಿಲ್ಲ. ಏನೆಂದಿತು, ಎಲ್ಲಿ ನಿಂತು ಹಾಗೆಂದಿತು ಎಂದು ಕೇಳಿದರೆ ಸಾಕು. ಉತ್ತರವಿಲ್ಲದಿದ್ದರೆ ಗೋಡೆ, ಕೂಡಲೇ ನಿರಾಕರಣೆಯಾದರೆ ವಿಳಾಸ, ಹೆಸರು ಹಿಡಿದು ಬೇಡವೆಂದರೆ ಪರವಾನಗಿ, ನಡುವೆ ಕಡಿದರೆ ಮೌನ. ಯುವಕನು ಈ ನಾಲ್ಕು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾನೆ. ಮೊನ್ನೆ ವೆರ್ಣಾಕ್ಕೆ ಹೋಗಿದ್ದಾಗ ನಾವದನ್ನು ಓದಿ, ನಕಲು ಮಾಡಿಕೊಂಡು ಬಂದೆವು.