ಪೆಟ್ರೋಲ್ ವಾಸನೆ ಬರುತ್ತೆ ಕಣೋ!

ಮೂರು ವಾರದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನ ಡೆಡ್‌ಲೈನ್ ಅಂತ ಸುಳ್ಳು ಹೇಳಬಹುದಿತ್ತು, ಆದರೆ ನಿಜವಾದ ಕಾರಣ ಅಪ್ಪನ ಕಾರು. 2004ರ ಗಾಡಿ, ಎಂಪಿಎಫ್‌ಐ ಇಂಜಿನ್. ನನಗಿಂತ ಏಳು ವರ್ಷ ಚಿಕ್ಕದು, ಆದರೆ ಮನೆಯಲ್ಲಿ ಮರ್ಯಾದೆ ಅದಕ್ಕೇ ಜಾಸ್ತಿ :)

ಅದಕ್ಕೆ ಬಂದ ಕಾಯಿಲೆ ವಿಚಿತ್ರ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ತಿಪಟೂರಿನಿಂದ ಬೆಂಗಳೂರಿಗೆ ಹೊರಟು, ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದು ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಮುಗೀತು. ಸೆಲ್ಫ್ ಹೊಡೀತಾ ಇರುತ್ತೆ, ಇಂಜಿನ್ ಕೆಮ್ಮುತ್ತೆ, ಹಿಡಿದುಕೊಂಡರೂ ಒಂದು ನಿಮಿಷ ಮಿಸ್ಸಿಂಗ್. ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಓಡುತ್ತೆ.

ಒಂದು ದಿನ ರೈಲ್ವೆ ಗೇಟಿನಲ್ಲಿ ಆಫ್ ಮಾಡಿದ ಗಾಡಿ, ಗೇಟು ತೆಗೆದ ಮೇಲೆ ಸ್ಟಾರ್ಟ್ ಆಗಲಿಲ್ಲ. ಹಿಂದಿನಿಂದ ಹಾರ್ನು, ಪಕ್ಕದಲ್ಲಿ ಅಮ್ಮನ ಗಾಬರಿ. ಅವತ್ತಿನಿಂದ ಅಪ್ಪ ಅಂಗಡಿ ಮುಂದೆ ನಿಲ್ಲಿಸಿದರೂ ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಆಮೇಲೆ ಕಾರು ತೆಗೆಯೋದನ್ನೇ ಬಿಟ್ಟರು. "ನಂಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು, ಮಾರಿಬಿಡು" ಅಂದಾಗ ಇದು ಬರೀ ಗಾಡಿ ರಿಪೇರಿ ಅಲ್ಲ ಅನ್ನಿಸಿತು.

ಸರಿ, ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಬಿಟ್ಟೆ. ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ವಾಸಿಯಾಗಲಿಲ್ಲ. ಆಮೇಲೆ ಬ್ಯಾಟರಿ. ಆಗಲೂ ಇಲ್ಲ. ಮೂರನೇ ಸಲ "ಫ್ಯೂಯಲ್ ಪಂಪ್ ಹಾಕಿ ನೋಡೋಣ ಸಾರ್" ಅಂದರು. ಆ "ಹಾಕಿ ನೋಡೋಣ" ಅನ್ನೋ ಮಾತೇ ನನ್ನ ಇವತ್ತಿನ ತಕರಾರು. ನಮ್ಮಲ್ಲಿ ಯಾರಾದರೂ ಹೊಸ ಹುಡುಗ ಬಗ್ ಎಲ್ಲಿದೆ ಅಂತ ನೋಡದೆ ಸಿಕ್ಕಸಿಕ್ಕ ಲೈನು ಬದಲಾಯಿಸುತ್ತಾ ಹೋದರೆ ಏನಂತ ಬೈತೀವಿ ಹೇಳಿ?

ನಾನೇನು ಸಾಚಾ ಅಲ್ಲ. ನನ್ನ ಪ್ರಕಾರ ಇದೆಲ್ಲ ಎಥನಾಲ್ ಮಹಿಮೆ ಆಗಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲ್ ಮೇಲೆ ಈಗ ಎಲ್ಲ ತಪ್ಪೂ ಹೊರಿಸಬಹುದಲ್ಲ! ನನ್ನ ವಾದ ಪೂರ್ತಿ ಸುಳ್ಳೂ ಅಲ್ಲ. ಎಥನಾಲ್ ಸ್ವಲ್ಪ ಬೆರೆತರೆ ಪೆಟ್ರೋಲ್ ಬೇಗ ಆವಿಯಾಗುತ್ತೆ. ಇಂಜಿನ್ ಆಫ್ ಆದಮೇಲೆ ನೀರು ಸುತ್ತೋದು ನಿಲ್ಲುತ್ತೆ, ಒಳಗಿನ ಕಾವೆಲ್ಲ ಬಾನೆಟ್ ಕೆಳಗೇ ಉಳಿಯುತ್ತೆ. ಇಂಜೆಕ್ಟರಿಗೆ ಹೋಗೋ ಪೈಪು ಓಡುತ್ತಿದ್ದಾಗಿಗಿಂತ ನಿಂತ ಮೇಲೇ ಜಾಸ್ತಿ ಬಿಸಿಯಾಗುತ್ತೆ. ಆದರೆ ಆ ಪೈಪಿನಲ್ಲಿ ಸುಮಾರು ಮೂರು ಬಾರ್ ಒತ್ತಡ ಇರುತ್ತೆ. ಕುಕ್ಕರ್ ಒಳಗೆ ನೀರು ನೂರು ಡಿಗ್ರಿಗೆ ಕುದಿಯಲ್ಲ ನೋಡಿ, ಹಾಗೇ ಇದೂ. ಒತ್ತಡ ಇಳಿದು ಹೋಗಿದ್ದರೆ ಮಾತ್ರ ಪೆಟ್ರೋಲ್ ಗುಳ್ಳೆ ಏಳುತ್ತೆ. ಅಂದರೆ ಕೇಳಬೇಕಾದ ಪ್ರಶ್ನೆ "ಪೆಟ್ರೋಲ್ ಯಾವುದು" ಅಂತಲ್ಲ, "ಒತ್ತಡ ಎಲ್ಲಿಗೆ ಹೋಯ್ತು" ಅಂತ.

ಕೊನೆಗೆ ತಿಪಟೂರಿನ ನಮ್ಮ ಬೀದಿಯ ಗ್ಯಾರೇಜಿಗೇ ಹೋದೆ. ಆ ಅಣ್ಣ ಬಾನೆಟ್ ಎತ್ತಲೇ ಇಲ್ಲ. ಮೊದಲು ಅಪ್ಪನನ್ನು ಕೂರಿಸಿಕೊಂಡು ಕೇಳಿದ: "ಮೇಷ್ಟ್ರೇ, ಸೆಲ್ಫ್ ಜೋರಾಗಿ ತಿರುಗುತ್ತಾ, ಎಳೆದಾಡುತ್ತಾ? ಎಷ್ಟು ಹೊತ್ತು ನಿಲ್ಲಿಸಿದ್ರೆ ಹಿಂಗಾಗುತ್ತೆ? ಹೊಗೆ ಬರುತ್ತಾ?"

ಅಪ್ಪ ಹೇಳಿದರು, "ಸೆಲ್ಫ್ ಚೆನ್ನಾಗೇ ತಿರುಗುತ್ತಪ್ಪ. ಕಪ್ಪು ಹೊಗೆ ಬರುತ್ತೆ, ಪೆಟ್ರೋಲ್ ವಾಸನೆನೂ ಬರುತ್ತೆ. ಇವನಿಗೆ ಮೊದಲನೇ ದಿನವೇ ಹೇಳಿದೆ."

ಹೌದು, ಹೇಳಿದ್ದರು. "ಸುಮ್ನಿರಪ್ಪ, ಇಂಜೆಕ್ಷನ್ ಗಾಡೀಲಿ ಹಾಗೆಲ್ಲ ಆಗಲ್ಲ" ಅಂದಿದ್ದವನು ನಾನೇ.

ಅಣ್ಣನ ಲೆಕ್ಕ ಸರಳ. ಸೆಲ್ಫ್ ಎಳೆದಾಡಿದರೆ ಬ್ಯಾಟರಿ, ಅರ್ಥಿಂಗ್, ಸ್ಟಾರ್ಟರ್ ಮೋಟರ್ ನೋಡಬೇಕು. ಚೆನ್ನಾಗಿ ತಿರುಗಿಯೂ ಒಂದು ಕೆಮ್ಮೂ ಬರದೆ, ತಣ್ಣಗಾದ ಮೇಲೆ ಸರಿಹೋದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಕೆಮ್ಮುತ್ತಾ ಸ್ಟಾರ್ಟ್ ಆದರೆ ಪೆಟ್ರೋಲ್ ಕಮ್ಮಿಯೋ, ಜಾಸ್ತಿಯೋ ಅಂತ ಮೊದಲು ತಿಳಿಯಬೇಕು. ಕೀಲಿಯನ್ನು ಆನ್ ಮಾಡಿ ಎರಡು ಸೆಕೆಂಡ್ ಪಂಪ್ ಓಡಲು ಬಿಟ್ಟು ಆಫ್, ಹೀಗೆ ಮೂರು ಸಲ ಮಾಡಿದ ಮೇಲೆ ಸಲೀಸಾಗಿ ಸ್ಟಾರ್ಟ್ ಆದರೆ ಒತ್ತಡ ಇಳಿದು ಪೆಟ್ರೋಲ್ ಕಮ್ಮಿ ಬೀಳುತ್ತಿದೆ ಅಂತ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆದರೆ ಜಾಸ್ತಿಯಾಗಿದೆ ಅಂತ, ಯಾಕಂದರೆ ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಆಗ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತೆ. ನಮ್ಮದು ಎರಡನೇ ಜಾತಿ. ಖರ್ಚು ಸೊನ್ನೆ, ಸಮಯ ಐದು ನಿಮಿಷ!

ಜಾಸ್ತಿಯಾಗೋಕೆ ಕಾರಣಗಳೂ ಕೆಲವೇ. ಕೂಲೆಂಟ್ ಸೆನ್ಸರ್ ಬಿಸಿ ಇಂಜಿನ್ನನ್ನು ತಣ್ಣಗಿದೆ ಅಂದುಕೊಂಡಿರಬಹುದು. ಮೀಟರ್ ಹಿಡಿದ. ಬಹುತೇಕ ಗಾಡಿಗಳಲ್ಲಿ ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್, ಬಿಸಿಯಾದಾಗ ಸುಮಾರು ಮುನ್ನೂರು ಇರಬೇಕು. ಇತ್ತು. ಇಂಜೆಕ್ಟರ್ ತೊಟ್ಟಿಕ್ಕಿದರೆ ಒಂದು ಪ್ಲಗ್ ಮಾತ್ರ ಒದ್ದೆ ಇರಬೇಕು. ನಮ್ಮದರಲ್ಲಿ ಎಲ್ಲವೂ ಕಪ್ಪು. ಆಮೇಲೆ ಒತ್ತಡ ಕಾಯುವ ರೆಗ್ಯುಲೇಟರಿನಿಂದ ಇಂಜಿನ್ನಿಗೆ ಹೋಗುವ ಸಣ್ಣ ಗಾಳಿ ಪೈಪು ಕಿತ್ತ. ಒಣಗಿರಬೇಕಾದ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿತು! ಒಳಗಿನ ರಬ್ಬರ್ ಪೊರೆ ಹರಿದಿತ್ತು. ಗಾಡಿ ನಿಂತ ಮೇಲೆ ಪೆಟ್ರೋಲ್ ಅಲ್ಲಿಂದ ಜಿನುಗಿ ಇಂಜಿನ್ನಿನ ಗಾಳಿ ದಾರಿಗೆ ಸೇರುತ್ತಿತ್ತು. ರಾತ್ರಿಯೆಲ್ಲ ನಿಂತರೆ ಆರಿಹೋಗುತ್ತೆ, ತಣ್ಣನೆಯ ಇಂಜಿನ್ನಿಗೆ ಹೇಗೂ ಜಾಸ್ತಿ ಪೆಟ್ರೋಲ್ ಬೇಕು. ಅದಕ್ಕೇ ಬೆಳಿಗ್ಗೆ ತೊಂದರೆ ಇಲ್ಲ.

ಸ್ಕ್ಯಾನರ್ ಹಾಕಿದಾಗ ಸರ್ವಿಸ್ ಸೆಂಟರಿನವರಿಗೆ ಯಾವ ಕೋಡೂ ಸಿಕ್ಕಿರಲಿಲ್ಲ. ಹೇಗೆ ಸಿಗುತ್ತೆ? ಈ ಗಾಡಿಯಲ್ಲಿ ಪೆಟ್ರೋಲ್ ಒತ್ತಡ ಅಳೆಯೋ ಸೆನ್ಸರೇ ಇಲ್ಲ. ಯಾರೂ ಬರೆಯದೇ ಇದ್ದದ್ದು ಲಾಗಿನಲ್ಲಿ ಇರಲ್ಲ ಅನ್ನೋದು ದಿನಾ ಲಾಗ್ ಓದೋ ನನಗೇ ಹೊಳೆಯಲಿಲ್ಲ.

ಪೊರೆ ಹರಿದಿದ್ದು ಎಥನಾಲಿನಿಂದಲೋ ವಯಸ್ಸಿನಿಂದಲೋ, ಬಿಚ್ಚಿ ನೋಡಿದರೂ ಹೇಳೋಕಾಗಲ್ಲ. ಇರಲಿ.

ಬಿಲ್ಲು? ಪಾರ್ಟಿನ ದುಡ್ಡು, ಮೇಲೆ ಮುನ್ನೂರು ರೂಪಾಯಿ ಕೂಲಿ. ಆ ಮುನ್ನೂರಕ್ಕೂ ನನ್ನ ಬಾಯಲ್ಲಿ "ಸ್ವಲ್ಪ ಕಮ್ಮಿ ಮಾಡ್ಕೊಳಣ್ಣ" ಅಂತ ಬಂದೇಬಿಟ್ಟಿತ್ತು ಸ್ವಾಮಿ! ಕೆಲಸಕ್ಕೆ ಬಾರದ ಬ್ಯಾಟರಿಗೆ ತುಟಿ ಪಿಟಕ್ ಅನ್ನದೆ ಕಾರ್ಡ್ ಉಜ್ಜಿದವನು ನಾನು. ಡಬ್ಬದಲ್ಲಿ ಬಂದ ವಸ್ತುವಿಗೆ ದುಡ್ಡು ಕೊಡ್ತೀವಿ, ತಲೆಗೆ ಕೊಡಲ್ಲ. ಹಾಗಿದ್ದ ಮೇಲೆ ಸರ್ವಿಸ್ ಸೆಂಟರಿನವರು ಡಬ್ಬ ಮಾರದೆ ಇನ್ನೇನು ಮಾಡ್ತಾರೆ? ನಾವೆಲ್ಲ ಸಂಬಳ ತಗೊಳ್ಳೋದು ಬಗ್ ಹುಡುಕಿದ ಗಂಟೆಗಳಿಗೆ ತಾನೇ?

ಅಪ್ಪ ನನ್ನ ಮುಖ ನೋಡಿ, ಐನೂರರ ಎರಡು ನೋಟು ಅಣ್ಣನ ಜೇಬಿಗೆ ತುರುಕಿದರು.

ಹಾಗಾಗಿ ಮುಂದಿನ ಸಲ ಯಾರಾದರೂ "ಬದಲಾಯಿಸಿ ನೋಡೋಣ" ಅಂದರೆ "ಅದೇ ಅಂತ ಹೇಗೆ ಗೊತ್ತಾಯ್ತು?" ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಕೊಟ್ಟವರ ಹತ್ತಿರ ಚೌಕಾಸಿ ಮಾಡಬೇಡಿ. ಆಮೇಲೆ, ಗಾಡಿ ದಿನಾ ಓಡಿಸೋರು ಏನಂತಾರೆ ಅಂತ ಮೊದಲು ಕೇಳಿಸಿಕೊಳ್ಳಿ.

ಮೊನ್ನೆ ಭಾನುವಾರ ಅಪ್ಪ ಅಮ್ಮ ಕ್ಯಾತ್ಸಂದ್ರದಿಂದ ಫೋನ್ ಮಾಡಿದ್ದರು. ಇಡ್ಲಿ ತಿಂದಾಯ್ತಂತೆ, ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತಂತೆ. ಮಾರೋ ಮಾತು ಸದ್ಯಕ್ಕಿಲ್ಲ :)