ಒಂದೇ ಕೋಣೆ, ಐದು ತಟ್ಟೆ

ನಮ್ಮ ಬೇಲೂರು ಸೀಮೆಯ ಮಕ್ಕಳಿಗೆ ಹುಲಿಕೆರೆಯ ಕಲ್ಯಾಣಿಗಿಂತ ಒಳ್ಳೆಯ ಗಣಿತದ ಪುಸ್ತಕ ಬೇಕೆ? ಹೊಯ್ಸಳರ ಕಾಲದ ಆ ಕೊಳದಲ್ಲಿ ಎಣಿಸಲು ಮೆಟ್ಟಿಲುಗಳಿವೆ, ತಾಳೆ ನೋಡಲು ಸುತ್ತ ಪುಟ್ಟ ಗುಡಿಗಳಿವೆ. ಒಬ್ಬಳು ಮೆಟ್ಟಿಲು ಎಣಿಸುತ್ತ ಇಳಿಯಲಿ, ಇನ್ನೊಬ್ಬ ಗುಡಿಯ ಚಿತ್ರ ಬರೆಯಲಿ, ಕಾಲಿಗೆ ಬಲವಿಲ್ಲದ ಮಗು ಮೇಲೆಯೇ ಕೂತು ಎದುರುಬದುರು ಸಾಲುಗಳನ್ನು ಹೋಲಿಸಲಿ. ಪಾಠ ಮೂವರಿಗೂ ಸಿಕ್ಕಿತು, ನಿಜ. ಆದರೆ ಗೆಳೆಯರೆಲ್ಲ ಕೆಳಗೆ ಗದ್ದಲ ಮಾಡುವಾಗ ಮೇಲೆ ಕೂತ ಮಗುವನ್ನು ನಾವು ಸೇರಿಸಿಕೊಂಡೆವೋ, ದೂರ ಇಟ್ಟೆವೋ?

ನಲಿಕಲಿ ತರಗತಿಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡು ಎತ್ತಿಕೊಂಡು ಮಗು ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗುತ್ತದೆ. ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡ ಹುಡುಗಿ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಎಲ್ಲರೆದುರು ಎದ್ದು ನಿಂತು ತಡವರಿಸುವ ಪಾಡು ಅವಳಿಗಿಲ್ಲ. ಹಳೆಯ ತರಗತಿಯಲ್ಲಿ ಇಂಥವರು ಹಿಂದಿನ ಸಾಲಿನಲ್ಲೇ ಕರಗಿಹೋಗುತ್ತಿದ್ದರು.

ಹಾಗೆಂದು ಹಳೆಯ ಕ್ರಮವನ್ನು ಬಯಸುವ ಶಿಕ್ಷಕರನ್ನು ಸೋಮಾರಿಗಳೆನ್ನಲು ನಾನು ಒಪ್ಪುವುದಿಲ್ಲ. ಐದು ತಟ್ಟೆಗಳಲ್ಲಿ ಶಿಕ್ಷಕರ ಪೂರ್ಣ ನೆರವು ಸಿಗುವುದು ಒಂದಕ್ಕೆ ಮಾತ್ರ. ಸ್ವಕಲಿಕೆಯ ತಟ್ಟೆಯಲ್ಲಿ ಕಾರ್ಡು ಹಿಡಿದು ಸುಮ್ಮನೆ ಕೂತ ಮಗು ಮೇಷ್ಟ್ರ ಕಣ್ಣಿಗೆ ಬೀಳುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಇಡೀ ಕೋಣೆ ಒಂದೇ ಕತೆಗೆ ಕಿವಿಗೊಡುವಾಗ ಅಕ್ಷರ ಬಾರದವನೂ ಮಾತು ಕಲಿಯುತ್ತಾನೆ, ಇತರರೊಂದಿಗೆ ನಗುತ್ತಾನೆ. ಕಾರ್ಡು ಅದನ್ನು ಕೊಡಲಾರದು. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಟ. ನಿಧಾನವಾಗಿ ಏರುತ್ತಿದ್ದವರು ಅಲ್ಲಿಯೇ ಎಡವುವುದು.

ನನ್ನ ಒಲವು ಏಣಿಯ ಕಡೆಗೇ, ಆದರೆ ದಿನಕ್ಕೆ ಅರ್ಧ ಗಂಟೆ ಎಲ್ಲರೂ ಕೂಡಿ ಕೇಳುವ ಕತೆ, ಆಡುವ ಲೆಕ್ಕ ಇರಲೇಬೇಕು. ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಲ್ಲಿ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ನಲಿಕಲಿಗೆ ನಿಂತರೆ ನಾಲ್ಕು, ಐದನೇ ತರಗತಿಗಳೆರಡೂ ಇನ್ನೊಬ್ಬರ ಪಾಲು. ಒಬ್ಬರು ರಜೆ ಹಾಕಿದ ದಿನ ಏಣಿಯೂ ಇಲ್ಲ, ಕತೆಯೂ ಇಲ್ಲ. ಪದ್ಧತಿ ಯಾವುದೇ ಇರಲಿ, ಮೂರನೆಯ ಶಿಕ್ಷಕರನ್ನು ಕೊಡಿ ಎಂದು ಎರಡೂ ಕಡೆಯವರು ಒಟ್ಟಾಗಿ ಕೇಳಬಹುದು.